ಹಸಿಂತಾಳ ಬೋಳುಗೊಂಬೆ

ಮೊದಲೇ ಹೇಳಿಬಿಡುತ್ತೇನೆ, ನನಗೆ ಆ ಗೊಂಬೆಗಳನ್ನು ಕಂಡರೆ ಹೇಸಿಗೆ. ಈಗಲೂ ಹೇಸಿಗೆಯೇ, ಅದರಲ್ಲೇನೂ ಬದಲಾವಣೆ ಆಗಿಲ್ಲ. ಉದ್ದ ಕಾಲು, ಹಿಡಿಗೆ ಸಿಗುವಷ್ಟೇ ಸೊಂಟ, ತುದಿಗಾಲಲ್ಲೇ ಹುಟ್ಟಿದಂಥ ಪಾದ, ಯಾರ ಮುಖ ಕಂಡರೂ ಅದೇ ನಗು. ಅಂಗಡಿಯಿಂದ ಹೊಸದಾಗಿ ತಂದದ್ದಾದರೆ ಹೇಗೋ ಸಹಿಸಬಹುದಿತ್ತು. ನನ್ನ ನೆರೆಯವಳು ಹಸಿಂತಾ ತಾರ್ಕಿ ಗುಡ್ಡೆ ಹಾಕುತ್ತಿದ್ದುದು ಯಾವುದೋ ದೇಶದ ಯಾರದೋ ಮಕ್ಕಳು ಕಚ್ಚಿ, ಎಂಜಲು ಮಾಡಿ, ಬಚ್ಚಲಲ್ಲಿ ಮುಳುಗಿಸಿ, ಬೇಸರ ಬಂದ ಮೇಲೆ ಬಿಸಾಡಿದ ಗೊಂಬೆಗಳನ್ನು. ಥೂ.

ಅವು ಬೆಟ್ಟದ ಮೇಲಿನ ನಮ್ಮೂರು ಎಲ್ ಆಲ್ತೋಗೆ ಬರುತ್ತಿದ್ದುದು ನನ್ನ ಮೂಲಕವೇ, ಅದು ನನ್ನ ಕರ್ಮ. ಗುರುವಾರ, ಭಾನುವಾರದ ಸಂತೆಯಲ್ಲಿ ನಾನು ಅಮೆರಿಕದ ಹಳೇ ಬಟ್ಟೆ ಮಾರುವವಳು. ಮೂಟೆ ಬಿಚ್ಚಿದರೆ ಸ್ವೆಟರು, ಪ್ಯಾಂಟುಗಳ ನಡುವೆ ಒಂದೊಂದು ಸಲ ಗೊಂಬೆಯ ಕಾಲೊಂದು ಹೊರಗೆ ಚಾಚಿಕೊಂಡಿರುತ್ತದೆ. ನನ್ನ ಎದುರಿಗೇ ಹಸಿಂತಾಳ ಆಪಿ ಗಾಡಿ. ನೇರಳೆ ಜೋಳದ ಆಪಿಯನ್ನು ಬೆಳಗಿನ ಕೊರೆಯುವ ಚಳಿಯಲ್ಲಿ ಹಬೆಯಾಡುವಂತೆ ಲೋಟಕ್ಕೆ ಸುರಿದು, ಚೀಸ್ ತುಂಬಿ ಕರಿದ ಪಾಸ್ತೆಲ್ ಜೊತೆಗೆ ಕೊಡುತ್ತಾಳೆ. ಕೈ ಲೋಟದ ಮೇಲೆ, ಕಣ್ಣು ಮಾತ್ರ ನನ್ನ ಮೂಟೆಯ ಮೇಲೆ.

"ಬಾಸಿಲಿಯಾ! ಕಾಲು! ಕಾಲು ಕಾಣ್ತಾ ಇದೆ ಕಣೇ!"

"ಬಂದು ನೀನೇ ಎಳ್ಕೋ. ನಾನು ಮುಟ್ಟಲ್ಲ."

"ಬಟ್ಟೆ ಜೋರಾಗಿ ಕೊಡವಬೇಡ ಕಣೇ, ಶೂ ಬಿದ್ದುಹೋಗತ್ತೆ."

"ಬಿದ್ರೆ ಬೀಳಲಿ. ನಂಗೆ ಬೆಳಗ್ಗೆ ತಿಂದಿದ್ದೇ ಮೇಲೆ ಬರ್ತಿದೆ."

ಗಿರಾಕಿಯನ್ನು ಅರ್ಧ ಲೋಟಕ್ಕೇ ಬಿಟ್ಟು ಓಡಿ ಬರುತ್ತಿದ್ದಳು. ನೆರಿಗೆಯ ಪೊಯೇರಾ ಲಂಗ ಎತ್ತಿ ಕಟ್ಟಿ, ಟೋಪಿ ಓರೆಯಾದದ್ದೂ ತಿಳಿಯದೆ, ಮೂಟೆಯೊಳಗೆ ಮೊಣಕೈವರೆಗೆ ಕೈ ತುರುಕಿ ಹುಡುಕುತ್ತಿದ್ದಳು. ಬೆರಳ ತುದಿಯಷ್ಟಿರುವ ಒಂದು ಶೂ ಸಿಕ್ಕಿತೋ, ಅದನ್ನು ಅಂಗೈಯಲ್ಲಿಟ್ಟುಕೊಂಡು ಇಡೀ ಸಾಲಿಗೆ ತೋರಿಸಿ ಬರಬೇಕು. ಬೀಗ ಮಾರುವವನಿಗೆ, ಮೀನು ಕರಿಯುವವಳಿಗೆ, ಯಾರೂ ಇಲ್ಲದಿದ್ದರೆ ಮಿನಿಬಸ್ಸಿನ ಕಿಟಕಿಯಲ್ಲಿ ಕೂತ ಅಪರಿಚಿತರಿಗೆ. "ನೋಡಿ, ಇದರ ಜೋಡಿ ನನ್ನ ಹತ್ರ ಇದೆ! ಎಡಗಾಲಿಂದು ಮೂರು ವರ್ಷದಿಂದ ಕಾಯ್ತಾ ಕೂತಿದೆ!" ಜನ ತಲೆ ಅಲ್ಲಾಡಿಸಿ ಆಪಿ ಕುಡಿಯುತ್ತಿದ್ದರು.

ನಮ್ಮಿಬ್ಬರ ಮನೆಗಳೂ ಒಂದೇ ಅಂಗಳಕ್ಕೆ ಬಾಗಿಲು ತೆರೆಯುತ್ತವೆ. ಹಾಗಾಗಿ ಆಮೇಲಿನ ರಾಮಾಯಣವನ್ನೂ ನಾನೇ ನೋಡಬೇಕು. ಗೊಂಬೆಯ ತಲೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಕತ್ತಿನಿಂದ ಪುಳಕ್ಕನೆ ಕಿತ್ತು ತೆಗೆಯುತ್ತಾಳೆ. ಒಳಗಿನ ಹಳೇ ಅಂಟು ಕರಗಿ, ಸಿಂಬಳದ ಹಾಗೆ, ಕೂದಲ ಬುಡದಲ್ಲೆಲ್ಲ ಜಿನುಗಿರುತ್ತದೆ. ಕೆಲವು ಗೊಂಬೆಗಳ ಕಾಲು ವಯಸ್ಸಾದಂತೆ ಬೆವರುತ್ತದೆ, ಒರೆಸಿದಷ್ಟೂ ಜಿಡ್ಡು. ಓಲೆಗೆ ಕಿಲುಬು ಹಿಡಿದು ಕೆನ್ನೆ ಹಸಿರಾಗಿರುತ್ತದೆ. ಒಂದರ ಹೊಟ್ಟೆ ಅಲ್ಲಾಡಿಸಿದರೆ ಒಳಗೇನೋ ಗಲಗಲ ಎಂದು, ಕತ್ತಿನ ತೂತಿನಿಂದ ಒಣಗಿದ ಜಿರಲೆ ಉದುರಿತು. "ಪಾಪ, ಅದಕ್ಕೂ ಒಂದು ಮನೆ ಸಿಕ್ಕಿತ್ತು" ಎಂದು ಹಸಿಂತಾ ನಕ್ಕಳು. ಆ ದಿನ ನಾನು ಮಧ್ಯಾಹ್ನದ ಊಟ ಬಿಟ್ಟೆ.

"ಹಸಿಂತಾ, ದೇವರಾಣೆ ಇಟ್ಟು ಹೇಳು. ಈ ತಲೆ ಬೇಯಿಸೋ ಪಾತ್ರೆ, ಆಪಿ ಕಾಸೋ ಪಾತ್ರೆ ಬೇರೆ ಬೇರೆ ತಾನೇ?"

"ಅಯ್ಯೋ ನಿನ್ನ! ಬೇರೆ ಕಣೇ. ಇದು ಹಿಡಿ ಮುರಿದಿದ್ದು."

"ಆಪಿ ಪಾತ್ರೆದೂ ಹಿಡಿ ಮುರಿದಿತ್ತಲ್ಲ?"

"ಅದು ಎಡಗಡೆ ಹಿಡಿ."

ಮಕ್ಕಳು ಗೊಂಬೆಯ ಮುಖಕ್ಕೆ ಪೆನ್ನಿನಿಂದ ಗೀಚಿದ್ದರೆ, ಮೊಡವೆಯ ಮುಲಾಮು ಬಳಿದು ತಗಡಿನ ಮಾಡಿನ ಮೇಲೆ ಬಿಸಿಲಿಗಿಡುತ್ತಾಳೆ. ನಮ್ಮ ಎತ್ತರದ ಬಿಸಿಲಿಗೆ ಮನುಷ್ಯರ ಮೂಗೇ ಸುಲಿಯುತ್ತದೆ, ಶಾಯಿ ಯಾವ ಲೆಕ್ಕ. ತಗಡಿನ ಮೇಲೆ ಬಿಳಿ ಮುಲಾಮು ಮೆತ್ತಿಕೊಂಡ ರುಂಡಗಳ ಸಾಲು. ಕೇಬಲ್ ಕಾರಿನಲ್ಲಿ ಮೇಲೆ ಹೋಗುವವರು ಬಗ್ಗಿ ನೋಡಿ ಎದೆಯ ಮೇಲೆ ಶಿಲುಬೆ ಎಳೆದುಕೊಳ್ಳುತ್ತಿದ್ದರಂತೆ.

ಜನಕ್ಕೆ ಎಲ್ಲದಕ್ಕೂ ಒಂದು ಕಾರಣ ಬೇಕು. ಮಕ್ಕಳಿಲ್ಲದವಳಿರಬೇಕು ಎಂದರು. ಅವಳಿಗೆ ಎರಡು ಗಂಡುಮಕ್ಕಳು, ಇಬ್ಬರೂ ಕೊಚಬಾಂಬಾದಲ್ಲಿ, ವಾರವಾರ ಫೋನು. ಗಂಡ ಸತ್ತ ದುಃಖ ಎಂದರು. ಗಂಡ ಬದುಕಿದ್ದಾಗ ಹಾಸಿಗೆಯ ಕೆಳಗೂ ಗೊಂಬೆಗಳಿದ್ದವು, ಆ ಪುಣ್ಯಾತ್ಮನೇ ಅವಕ್ಕೆ ಕಪಾಟು ಹೊಡೆದುಕೊಟ್ಟವನು. ಚಿಕ್ಕಂದಿನಲ್ಲಿ ಗೊಂಬೆ ಇರಲಿಲ್ಲವೇನೋ ಎಂದು ಒಬ್ಬಳು ಕನಿಕರದಿಂದ ಕೇಳಿದ್ದಕ್ಕೆ ಹಸಿಂತಾ ಸಿಡುಕಿದ್ದಳು. "ಇತ್ತಮ್ಮಾ, ಬಟ್ಟೇದು. ನಂಗೆ ಅದು ಸೇರ್ತಿರ್ಲಿಲ್ಲ. ಇವಕ್ಕೆ ಮಂಡಿ ಮಡಚತ್ತೆ, ಟಿಕ್ ಅನ್ನತ್ತೆ, ಕೇಳು." ಅಷ್ಟೇ. ಅವಳಿಗೆ ಇಷ್ಟ, ಅದನ್ನು ನಾಲ್ಕು ಜನಕ್ಕೆ ತೋರಿಸುವುದು ಇನ್ನೂ ಇಷ್ಟ. ಅದಕ್ಕಿಂತ ಆಳವಾದ ಕಾರಣವನ್ನು ನಾನಂತೂ ಕಾಣೆ.

ಅವಳ ಕಪಾಟಿನ ರಾಣಿ ಎಂದರೆ ಕೆಂಪಿ. ಸೊಂಟ ದಾಟುವ ಕೆಂಪು ಕೂದಲು, ಎರಡೂ ಶೂ ಕಾಲಲ್ಲೇ, ರೆಪ್ಪೆ ಒಂದೂ ಉದುರಿಲ್ಲ. ಅದು ನನ್ನ ಮೂಟೆಯಲ್ಲಿ ಸಿಕ್ಕ ದಿನ ಹಸಿಂತಾ ಇಡೀ ಸಾಲಿಗೆ ಬಿಟ್ಟಿ ಆಪಿ ಕುಡಿಸಿದ್ದಳು.

ನನ್ನ ಮೊಮ್ಮಗಳು ಲಿಸ್ಬೆತ್‌ಳ ಜವಳಕ್ಕೆ ಹಸಿಂತಾಳೇ ಮಾದ್ರಿನಾ ಆದಳು. ನಮ್ಮಲ್ಲಿ ಮಗುವಿನ ತಲೆಗೆ ಮೂರು ನಾಲ್ಕು ವರ್ಷ ಕತ್ತರಿ ತಾಗಿಸುವುದಿಲ್ಲ. ಆಮೇಲೆ ಒಂದು ದಿನ ಸಣ್ಣ ಸಣ್ಣ ಜಡೆ ಹೆಣೆದು, ನೆಂಟರನ್ನು ಕರೆದು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಜಡೆ ಕತ್ತರಿಸಿ, ಮುಯ್ಯಿ ಹಣದ ಜೊತೆ ತಟ್ಟೆಗೆ ಹಾಕಿಸುತ್ತೇವೆ. ಮೊದಲ ಜಡೆ ಕತ್ತರಿಸುವವಳೇ ಮಾದ್ರಿನಾ, ಮಗುವಿಗೆ ಎರಡನೇ ತಾಯಿ. ಕತ್ತರಿ ನೋಡಿ ಲಿಸ್ಬೆತ್ ಸೂರು ಹಾರಿಹೋಗುವಂತೆ ಕಿರುಚಿದಳು. ಹಸಿಂತಾ ಚೀಲದಿಂದ ಕೆಂಪಿಯನ್ನು ತೆಗೆದು ಅವಳ ತೊಡೆಯ ಮೇಲೆ ಕೂರಿಸಿದಳು. "ಇವಳನ್ನ ಹಿಡ್ಕೋ ಚಿನ್ನಾ. ನೋಡು, ಇವಳು ಅಳಲ್ಲ." ಮಗು ಬಿಕ್ಕುತ್ತಾ ಗೊಂಬೆ ಹಿಡಿದು ಕೂತಿತು, ಕೆಲಸ ಮುಗಿಯಿತು. ಅಂದಿನಿಂದ ನಾನೂ ಹಸಿಂತಾಳೂ ಕೊಮಾದ್ರೆಗಳು, ಅಂದರೆ ರಕ್ತಸಂಬಂಧಕ್ಕಿಂತ ಒಂದು ಕೈ ಮೇಲೆ. ಕತ್ತರಿಸಿದ ಜಡೆಗಳನ್ನು ಸೊಸೆ ರುಫಿನಾ ಬಟ್ಟೆಯಲ್ಲಿ ಕಟ್ಟಿ ಪೆಟ್ಟಿಗೆಯಲ್ಲಿಟ್ಟಳು.

ಕೆಲವು ದಿನ ಕಳೆದ ಮೇಲೆ ಹಸಿಂತಾ ಅಂಗಳದಲ್ಲಿ ಪಾತ್ರೆ ತೊಳೆಯುತ್ತಿದ್ದಾಗ ಮಗು ಅವಳ ಕೋಣೆಯಲ್ಲಿ ಸದ್ದಿಲ್ಲದೆ ಆಡುತ್ತಿತ್ತು. ಸದ್ದಿಲ್ಲದ ಮಗುವನ್ನು ನಂಬಬಾರದೆಂದು ನಾನು ಒಳಗೆ ಇಣುಕಿದೆ. ಕೆಂಪಿ ತಟ್ಟೆಯಲ್ಲಿ ಕೂತಿದ್ದಾಳೆ, ತಲೆ ಕೊಯ್ದ ಹೊಲದ ಹಾಗಿದೆ. ಸುತ್ತ ಮಿಕ್ಕ ಗೊಂಬೆಗಳು ನೆಂಟರಂತೆ ಕೂತಿವೆ, ಪ್ರತಿಯೊಂದರ ಮುಂದೆ ಮುಯ್ಯಿ ಹಣದ ಬದಲು ಒಂದು ಅಂಗಿ ಗುಂಡಿ, ತಟ್ಟೆಯ ಪಕ್ಕದಲ್ಲಿ ಕೆಂಪು ಜಡೆಗಳ ರಾಶಿ.

ಹಸಿಂತಾ ಒದ್ದೆ ಕೈಯಲ್ಲೇ ಬಂದು ನೋಡಿದಳು. ಈಗ ಆಕಾಶ ಭೂಮಿ ಒಂದಾಗುತ್ತದೆ ಎಂದುಕೊಂಡೆ. ಅವಳು ಕಣ್ಣಲ್ಲಿ ನೀರು ಬರುವಂತೆ ನಗತೊಡಗಿದಳು. "ಕೊಮಾದ್ರೆ, ನನ್ನ ಕೆಂಪಿಗೂ ಜವಳ ಆಯ್ತು ಕಣೇ! ಮಾದ್ರಿನಾ ಯಾರಂತೆ ಗೊತ್ತಾ? ಆ ಒಂಟಿ ಕಾಲಿನವಳಂತೆ!"

"ನಗ್ತೀಯಲ್ಲೇ! ಹೊಟ್ಟೆ ಉರಿಯಲ್ವಾ ನಿಂಗೆ?"

"ಉರಿಯತ್ತೆ" ಎಂದಳು. "ಉರಿದ್ರೂ, ಕೂಸು ಎಷ್ಟು ನೀಟಾಗಿ ಮಾಡಿದೆ ನೋಡು."

ಕೆಂಪಿಯ ಕೂದಲು ಮತ್ತೆ ಬೆಳೆಯುವುದಿಲ್ಲ ಎಂದು ತಿಳಿದಾಗ ಅತ್ತದ್ದು ಮಗುವೇ. ತನ್ನ ತಲೆ ಮುಟ್ಟಿಕೊಂಡು ನೋಡಿತು, ಅಲ್ಲಿ ಆಗಲೇ ಚೂರು ಚಿಗುರಿತ್ತು. ಅನ್ಯಾಯ ಎನಿಸಿರಬೇಕು. ಮರುದಿನ ಯಾರಿಗೂ ಹೇಳದೆ ಪೆಟ್ಟಿಗೆಯಿಂದ ಆ ಬಟ್ಟೆಯ ಗಂಟನ್ನು ಎತ್ತಿಕೊಂಡು ಹೋಗಿ ಮಾದ್ರಿನಾಳ ಮಡಿಲಿಗೆ ಹಾಕಿತು. "ನಂದು ಇವಳಿಗೆ ಹಾಕು."

ಹಸಿಂತಾ ಅಲ್ಲೇ ನಿಲ್ಲಿಸಬೇಕಿತ್ತು. ನಮ್ಮ ಕಡೆ ಬಾಚಣಿಗೆಯಲ್ಲಿ ಉಳಿದ ಕೂದಲನ್ನೂ ಉಂಡೆ ಮಾಡಿ ಗೋಡೆಯ ಸಂದಿಗೆ ತುರುಕುತ್ತೇವೆ, ಯಾರ ಕೈಗೂ ಸಿಗಬಾರದೆಂದು. ಗೊಂಬೆಗೆ ಮನುಷ್ಯರ ಕೂದಲು ಹಾಕುವವರು ಯಾರು, ಯಾತಕ್ಕೆ ಹಾಕುತ್ತಾರೆ ಎಂದು ಇಲ್ಲಿ ಮೊಲೆ ಕುಡಿಯುವ ಕೂಸಿಗೂ ಗೊತ್ತು. ಅವಳಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಆದರೆ ಮುಂದೆ ಬೋಳು ತಲೆ, ಕೈಯಲ್ಲಿ ಸೂಜಿ, ಮಡಿಲಲ್ಲಿ ರೇಷ್ಮೆಯಂಥ ಎಳೇ ಕೂದಲು. ಖುಷಿಯಲ್ಲಿ ಬುದ್ಧಿ ಎಲ್ಲೋ ಹಾರಿಹೋಯಿತು.

ಭಾನುವಾರ ಸಂತೆಗೆ ಅದನ್ನು ಕರವಸ್ತ್ರದಲ್ಲಿ ಮುಚ್ಚಿ ತಂದಳು. ಸಾಲಿನವರನ್ನೆಲ್ಲ ಕರೆದು, ಮದುವೆ ಹೆಣ್ಣಿನ ಮುಸುಕು ತೆಗೆದಂತೆ ತೆಗೆದಳು. ಕೆಂಪಿಯ ತಲೆಯಲ್ಲಿ ಕಪ್ಪು ಕೂದಲು, ಎರಡು ಜಡೆ. "ನೋಡಿ! ನಿಜವಾದ ಕೂದಲು! ನಮ್ಮ ಲಿಸ್ಬೆತ್‌ದು!"

ಮೀನಿನವಳು ಎರಡು ಹೆಜ್ಜೆ ಹಿಂದೆ ಸರಿದಳು. ನನ್ನ ಮೊಮ್ಮಗಳ ಕೂದಲು, ನಾನು ಎಣ್ಣೆ ಹಚ್ಚಿ ಹೇನು ಹೆಕ್ಕಿದ ಕೂದಲು, ಆ ಸತ್ತ ಪ್ಲಾಸ್ಟಿಕ್ಕಿನ ನೆತ್ತಿಯಿಂದ ಹುಟ್ಟಿ ಬರುತ್ತಿದೆ! "ಮುಚ್ಚು ಮಾರಾಯ್ತಿ, ಮೊದಲು ಮುಚ್ಚು" ಎಂದೆ. ಅವಳು ಮುಚ್ಚುವ ಹೊತ್ತಿಗೆ ನೋಡುವವರೆಲ್ಲ ನೋಡಿಯಾಗಿತ್ತು.

ಅದೇ ಸಂಜೆ ಲಿಸ್ಬೆತ್‌ಗೆ ಜ್ವರ. ಬೆಳಗಾಗುವಾಗ ಎರಡೂ ಕೆನ್ನೆ ಊದಿದ್ದವು. ಆರೋಗ್ಯ ಕೇಂದ್ರದ ನರ್ಸು ಮಂಗನಬಾವು ಎಂದಳು, ಬೀದಿಯಲ್ಲಿ ಮನೆಗೊಂದು ಮಗು ಹೀಗೇ ಮಲಗಿದೆ ಎಂದಳು. ನನ್ನ ಬೀಗಿತಿ ಎಮೆತೇರಿಯಾಳಿಗೆ ಅದು ಎಲ್ಲಿ ಕಿವಿಗೆ ಬೀಳಬೇಕು? ರುಫಿನಾಳ ತಾಯಿ ಅವಳು, ಮರ್ಯಾದೆಗೆ ದೋನ್ಯಾ ಎನ್ನಲೇಬೇಕು, ಸಂತೆಯ ಆ ತುದಿಯಲ್ಲಿ ಒಣ ಆಲೂಗಡ್ಡೆ ಮಾರುತ್ತಾಳೆ. ಕೋಕಾ ಎಲೆ ತುಂಬಿದ ಬಾಯಿಯಲ್ಲೇ ಅಂಗಳಕ್ಕೆ ನುಗ್ಗಿ, ನಾನು ಅಂದೇ ಗುಡಿಸಿದ ನೆಲದ ಮೇಲೆ ಹಸಿರು ರಸ ಉಗಿದಳು. ಅದನ್ನು ಕಂಡೇ ನನಗೆ ಮೈ ಉರಿಯಿತು.

"ಎಲ್ಲಿ ಆ ಮಾಟಗಾತಿ? ಕೂಸಿನ ಜೀವ ಗೊಂಬೇಲಿ ಕಟ್ಟಿ ಹಾಕಿದಾಳೆ! ನೋಡಿ ಬೇಕಾದ್ರೆ, ಇದರ ಮುಖ ಊದ್ತಿದೆ, ಅದು ನಗ್ತಿದೆ!"

"ದೋನ್ಯಾ ಎಮೆತೇರಿಯಾ, ಅದು ಯಾವಾಗ್ಲೂ ನಗ್ತಾನೇ ಇರತ್ತೆ. ಮಾಡಿರೋದೇ ಹಾಗೆ."

"ನೀವು ಸುಮ್ನಿರಿ. ಆ ಹೊಲಸನ್ನೆಲ್ಲ ಮೂಟೇಲಿ ತರೋರೇ ನೀವು."

ಸೊಸೆ ಮಗುವನ್ನು ಅಪ್ಪಿಕೊಂಡು ಅತ್ತಳು. ಹಸಿಂತಾ ಗೊಂಬೆ ಹಿಡಿದು ಬಂದು, ಮಗುವಿಗೆ ಒಳ್ಳೆಯದಾಗುವುದಾದರೆ ಈಗಲೇ ಸುಟ್ಟುಬಿಡಿ ಎಂದಳು. ಸುಟ್ಟರೆ ಮಗುವೇ ಉರಿಯುತ್ತದೆ ಎಂದು ಬೀಗಿತಿ ಕೂಗಿದಳು. ಕೊನೆಗೆ, ಎಲ್ಲರ ಮುಂದೆ ಕೂದಲನ್ನೆಲ್ಲ ಕಿತ್ತು ವಾಪಸು ಕೊಡಬೇಕು, ಒಂದೆಳೆಯೂ ಉಳಿಯಬಾರದು ಎಂದು ತೀರ್ಮಾನವಾಯಿತು.

ಹಸಿಂತಾ ಅಂಗಳದ ಕಲ್ಲಿನ ಮೇಲೆ ಕೂತು, ಗೊಂಬೆಯ ತಲೆ ಕಿತ್ತು, ಚಿಮುಟ ಹಿಡಿದು ಎಳೆಯತೊಡಗಿದಳು. ಕೂದಲು ಬರುತ್ತಿರಲಿಲ್ಲ. ಇನ್ನೂ ಜೋರಾಗಿ ಎಳೆದಳು. ಆಗ ಅವಳ ಮುಖದಲ್ಲಿ ಒಂದು ಕ್ಷಣ ಆ ಹಾಳು ಸಂತೋಷ ಮಿಂಚಿತು, ತಡೆದುಕೊಳ್ಳಲಾಗಲಿಲ್ಲ ಅವಳಿಗೆ. ತಲೆಯ ಒಳಭಾಗವನ್ನು ಬೀಗಿತಿಯ ಕಡೆ ತಿರುಗಿಸಿ ತೋರಿಸಿದಳು. "ನೋಡಿ ದೋನ್ಯಾ, ಒಳಗಿಂದ ಒಂದೊಂದಕ್ಕೂ ಗಂಟು ಹಾಕಿದೀನಿ. ಒಂದೂ ಜಾರಿಲ್ಲ."

"ಮಾಟದ ಗಂಟು ಎಲ್ಲಾದ್ರೂ ಜಾರತ್ತೇನೇ?" ಎಂದಳು ಎಮೆತೇರಿಯಾ.

ಹಸಿಂತಾ ಮತ್ತೆ ಚಿಮುಟ ಎತ್ತಿಕೊಂಡಳು. ಬಿಸಿಲು ಇಳಿಯುವವರೆಗೆ ಕಿತ್ತಳು. ತೂತು ತೂತಾದ ಆ ಬೋಳು ತಲೆಯನ್ನು ನಾನು ಕಣ್ಣಾರೆ ನೋಡಿದೆ, ಮನೆಯೊಳಗೆ ಹೋಗಿ ವಾಂತಿ ಮಾಡಿಕೊಂಡೆ. ಗೊಂಬೆಯಿಂದಲೋ ಬೀಗಿತಿಯಿಂದಲೋ ನನಗೇ ತಿಳಿಯಲಿಲ್ಲ.

ಮಗು ನೆಟ್ಟಗಾಯಿತು, ಬೀದಿಯ ಮಿಕ್ಕ ಮಕ್ಕಳ ಹಾಗೆಯೇ, ಅವರ ಜೊತೆಗೇ. ಆದರೆ ಸಂತೆಯ ಬಾಯಿಗೆ ಬೀಗ ಹಾಕುವವರು ಯಾರು? ಗುರುವಾರ ಹಸಿಂತಾಳ ಗಾಡಿಯ ಮುಂದೆ ಒಂದು ನರಪಿಳ್ಳೆ ಇಲ್ಲ. ಆಪಿಯಲ್ಲಿ ಕೂದಲು ಸಿಕ್ಕಿತಂತೆ ಎಂದು ಒಬ್ಬಳು, ಆ ನೇರಳೆ ಬಣ್ಣ ಜೋಳದ್ದೇ ಅಲ್ಲವಂತೆ ಎಂದು ಇನ್ನೊಬ್ಬಳು. ಇವರೇ ಅವಳ ಕೈಯ ಬಿಟ್ಟಿ ಆಪಿ ಕುಡಿದವರು. ಇವರ ಮಕ್ಕಳು ಹುಟ್ಟಿದಾಗ ಬಾಣಂತಿಗೆ ಸಾರು ಹೊತ್ತವಳು ಅವಳು. ಮೀನಿನವಳು ಗಾಡಿ ದಾಟುವಾಗ ಮೂಗಿಗೆ ಶಾಲು ಒತ್ತಿಕೊಂಡು, ತಿರುಗಿ ಉಗಿದು ಹೋದಳು. ಅವಳ ಕೈಯಲ್ಲಿ ನಾರುವ ಮೀನಿನ ಬುಟ್ಟಿ ಬೇರೆ! ಜಿರಲೆ ಉದುರಿದ ಗೊಂಬೆ ನೋಡಿದಾಗಲೂ ನನಗೆ ಅಷ್ಟು ಅಸಹ್ಯವಾಗಿರಲಿಲ್ಲ.

ಶನಿವಾರ ಹಸಿಂತಾ ಕಪಾಟು ಖಾಲಿ ಮಾಡಿ ಗೊಂಬೆಗಳನ್ನೆಲ್ಲ ರಟ್ಟಿನ ಡಬ್ಬಿಗೆ ತುಂಬುತ್ತಿದ್ದಳು.

"ಏನೇ ಇದು?"

"ಕಸದ ಲಾರಿಗೆ. ನಾಳೆ ಒಂದು ಸಂತೆ ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಗಾಡಿ ಮಾರಿ ಮಕ್ಕಳ ಹತ್ರ ಹೋಗ್ತೀನಿ."

"ಕೊಚಬಾಂಬಾದ ಸೆಕೇಲಿ ಆಪಿ ಯಾರು ಕುಡೀತಾರೆ?"

"ಯಾರೂ ಕುಡಿಯಲ್ಲ. ಸುಮ್ನೆ ಕೂತಿರ್ತೀನಿ" ಎಂದಳು. ಕೈಯಲ್ಲಿದ್ದ ಗೊಂಬೆಯನ್ನು ನನಗೆ ತೋರಿಸಲೂ ಇಲ್ಲ, ಹಾಗೇ ತಲೆಕೆಳಗಾಗಿ ಡಬ್ಬಿಗೆ ಹಾಕಿದಳು.

ಭಾನುವಾರವೂ ಅದೇ ಕಥೆ. ಪಾತ್ರೆ ತುಂಬ ಆಪಿ, ಮೇಲೆ ಕೆನೆ ಕಟ್ಟಿದೆ. ಬೀಗಿತಿ ತನ್ನ ಆಲೂಗಡ್ಡೆ ಬಿಟ್ಟು ಬಂದು ಮೀನಿನವಳ ಪಕ್ಕ ಕೂತು, ನೋಡುವವರಿಗೆಲ್ಲ ಗಲ್ಲ ಎತ್ತಿ ಗಾಡಿ ತೋರಿಸುತ್ತಿದ್ದಾಳೆ. ನನಗೆ ಇನ್ನು ತಡೆಯಲಾಗಲಿಲ್ಲ. ಟೋಪಿ ತೆಗೆದು ಬಟ್ಟೆಯ ಮೇಲೆ ಇಟ್ಟೆ. ಮೂಟೆಯ ಹುರಿ ಕತ್ತರಿಸುವ ಕತ್ತರಿ ತೆಗೆದುಕೊಂಡು ಗಾಡಿಯ ಹತ್ತಿರ ಹೋಗಿ, ನನ್ನ ಬಲಗಡೆಯ ಜಡೆಯನ್ನು ಮುಂದೆ ಎಳೆದು, ಒಂದು ಗೇಣು ಕರಕರನೆ ಕತ್ತರಿಸಿದೆ. ನಮ್ಮ ಹೆಂಗಸರಿಗೆ ಜಡೆಯೇ ಮಾನ, ಸಾಯುವವರೆಗೂ ಕತ್ತರಿ ತಾಗಿಸುವುದಿಲ್ಲ. ಸಾಲು ಪೂರ್ತಿ ಎದ್ದು ನಿಂತಿತು.

"ತಗೋ ಹಸಿಂತಾ. ಇದನ್ನ ಹಾಕು ನಿನ್ನ ಬೋಳಿಗೆ."

"ಹುಚ್ಚು ಹಿಡೀತೇನೇ ನಿಂಗೆ? ಬೇಡ, ಬೇಡ" ಎಂದು ಕೈ ಹಿಂದಕ್ಕೆ ಎಳೆದುಕೊಂಡಳು. ದನಿ ತಗ್ಗಿಸಿ, "ನಿಂಗೇನಾದ್ರೂ ಆದ್ರೆ?" ಎಂದಳು. ಅವಳೂ ನಮ್ಮವಳೇ ತಾನೆ, ಅವಳಿಗೂ ಭಯ.

ನನಗೆ ಭಯವಿರಲಿಲ್ಲ ಎಂದು ಬುರುಡೆ ಬಿಡುವುದಿಲ್ಲ. ಆದರೂ ಸಾಲಿನ ಕಡೆ ತಿರುಗಿ ಕೂಗಿದೆ.

"ಕೇಳಿಸ್ಕೊಳ್ರೇ ಎಲ್ಲರೂ! ದೋನ್ಯಾ ಎಮೆತೇರಿಯಾ, ನೀವೂ ಕೇಳಿ. ಇದು ನನ್ನ ಕೂದಲು, ನಾನೇ ಕೊಡ್ತಿದೀನಿ. ಇವಳು ಮಾಟಗಾತಿ ಆಗಿದ್ರೆ ನಂಗೆ ತಟ್ಟಲಿ. ನಾನು ಬಿದ್ದು ಸತ್ರೆ ನೀವು ಹೇಳಿದ್ದೇ ನಿಜ. ಸಾಯ್ಲಿಲ್ಲ ಅಂದ್ರೆ, ಬಂದು ಮುಚ್ಕೊಂಡು ಆಪಿ ಕುಡೀರಿ! ಥೂ ನಿಮ್ಮ ಜನ್ಮಕ್ಕೆ!"

ಹಸಿಂತಾಳ ಮುಷ್ಟಿ ಬಿಡಿಸಿ ಜಡೆ ಇಟ್ಟೆ. ಅವಳು ಅಳುತ್ತಿದ್ದಳು. ಅಳುತ್ತಲೇ ಅವಳ ಹೆಬ್ಬೆರಳು ಕೂದಲ ಮೇಲೆ ಓಡಾಡಿತು. ಒಂದೆಳೆ ಎತ್ತಿ ಬೆಳಕಿಗೆ ಹಿಡಿದಳು.

"ನರೆ" ಎಂದಳು, ಮೂಗು ಒರೆಸಿಕೊಳ್ಳುತ್ತಾ. "ಅರ್ಧ ಕಪ್ಪು, ಅರ್ಧ ಬೆಳ್ಳಿ. ಬಾಸಿಲಿಯಾ, ಯಾವ ಕಂಪನೀನೂ ಮುದುಕಿ ಗೊಂಬೆ ಮಾಡಲ್ಲ ಕಣೇ. ಪ್ರಪಂಚದಲ್ಲೇ ಇಲ್ಲ!"

ಡಬ್ಬಿಗಳು ಲಾರಿಗೆ ಹೋಗಲಿಲ್ಲ. ಈಗ ಕೆಂಪಿ ಆಪಿ ಗಾಡಿಯ ಮೇಲೆಯೇ ನಿಂತಿರುತ್ತಾಳೆ. ನನ್ನ ನರೆತ ಜಡೆ, ನನ್ನದೇ ಬಣ್ಣದ ಪೊಯೇರಾ, ಬೆರಳ ತುದಿಯ ಟೋಪಿ, ಕೆಳಗೆ ಅದೇ ಹಲ್ಲುಕಿರಿತ. ನನ್ನ ನೆತ್ತಿ ಪ್ಲಾಸ್ಟಿಕ್ಕಿಗೆ ಅಂಟಿಕೊಂಡ ಹಾಗೆ ಎನಿಸಿ, ನೋಡಿದಾಗಲೆಲ್ಲ ವಾಕರಿಕೆ ಬರುತ್ತದೆ. ಹಸಿಂತಾ ಬಂದ ಬಂದವರಿಗೆಲ್ಲ ಅದರ ಟೋಪಿ ತೆಗೆದು ತೋರಿಸುತ್ತಾಳೆ, ಬೈತಲೆಯ ಗಂಟುಗಳನ್ನೂ ವಿವರಿಸುತ್ತಾಳೆ. ನಾನು ಸತ್ತಿದ್ದೇನಾ ಎಂದು ನೋಡಲು ಬಂದವರು ಮೊದಮೊದಲು ದೂರ ನಿಂತರು, ಆಮೇಲೆ ಚಳಿ ತಡೆಯದೆ ಒಂದೊಂದು ಲೋಟ ಕುಡಿದರು. ಮೀನಿನವಳಂತೂ ಎರಡು ಕುಡಿದಳು. ಲಿಸ್ಬೆತ್ ಮತ್ತೆ ಮಾದ್ರಿನಾಳ ಕೋಣೆಯಲ್ಲೇ ಆಡುತ್ತಾಳೆ, ಕತ್ತರಿ ಮಾತ್ರ ಮೇಲಿನ ಮೊಳೆಗೆ ಹೋಗಿದೆ.

ಬೀಗಿತಿ ಬಗ್ಗಿಲ್ಲ. ಪ್ರತಿ ಸಂತೆಗೂ ಒಂದು ಸುತ್ತು ಬಂದು, ಏನೋ ಕೊಳ್ಳುವವಳ ಹಾಗೆ ನನ್ನ ಬಟ್ಟೆ ಕೆದಕುತ್ತಾ, ಓರೆಗಣ್ಣಲ್ಲಿ ನನ್ನ ಮುಖದ ಬಣ್ಣ ಅಳೆಯುತ್ತಾಳೆ. ಅವಳೊಬ್ಬಳೇ ಅಲ್ಲ, ಇಡೀ ಸಾಲಿನ ಕಣ್ಣು ನನ್ನ ಮೇಲಿದೆ. ಹಾಗಾಗಿ ನನಗೆ ಕಾಯಿಲೆ ಬೀಳುವ ಹಕ್ಕಿಲ್ಲ. ಈ ಚಳಿಗಾಲದಲ್ಲಿ ನನಗೆ ಕೆಟ್ಟ ನೆಗಡಿ, ಆದರೂ ಒಂದು ಸಂತೆ ತಪ್ಪಿಸಿಲ್ಲ, ಯಾರ ಮುಂದೆಯೂ ಕೆಮ್ಮಿಲ್ಲ. ಸೀನು ಬಂದರೆ ಬಟ್ಟೆ ಹುಡುಕುವ ನೆಪದಲ್ಲಿ ಬಗ್ಗಿ, ಯಾರ್ಯಾರದೋ ಬೆವರು ನಾರುವ ಆ ಮೂಟೆಯೊಳಗೆ ಕುತ್ತಿಗೆವರೆಗೆ ತಲೆ ತೂರಿಸಿ, ಅಲ್ಲೇ ಸೀನಿ, ಅಲ್ಲೇ ಮೂಗೊರೆಸಿಕೊಂಡು, ನಗುತ್ತಾ ಮೇಲೆ ಏಳುತ್ತೇನೆ.